ಮೂಕಪ್ರಾಣಿಯ ಬಾಯಿಬೇನೆ: ನಾಯಿಯ ಉಸಿರಿನ ದುರ್ವಾಸನೆ ಮತ್ತು ದಂತರಕ್ಷಣೆ

ಉರಿಗಾಂ ರೈಲು ನಿಲ್ದಾಣದಲ್ಲಿ ಬೆಳಗಿನ ಜಾವಕ್ಕೇ ಜನಸಂದಣಿ ಕಾಣುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ದುಡಿಯುವ ಕೈಗಳು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನತ್ತ ಹೊರಳಿದವು. ನಸುಕಿನಲ್ಲಿ ಹೊರಟವರು ಮನೆ ಸೇರುವುದು ರಾತ್ರಿಯೇ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ವಯೋವೃದ್ಧರು. ಅವರಿಗೆ ಕಾವಲಾಗಿ ಬಾಗಿಲಲ್ಲಿ ಒಂದು ನಾಯಿ. ಗಣಿಯ ಹಳೆಯ ವಸತಿಗಳಲ್ಲಾಗಲಿ, ರಾಬರ್ಟ್‌ಸನ್‌ಪೇಟೆಯ ಬೀದಿಗಳಲ್ಲಾಗಲಿ, ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಾಗಲಿ ಈ ನೋಟ ಹೊಸದಲ್ಲ.

ಇಂಥ ಮನೆಗಳಲ್ಲಿ ಕೆಲವು ವರ್ಷ ಕಳೆದ ಮೇಲೆ ಒಂದು ಬದಲಾವಣೆ ಮೆಲ್ಲನೆ ತಲೆದೋರುತ್ತದೆ. ಮರಿಯಾಗಿದ್ದಾಗ ಮಕ್ಕಳ ಮಡಿಲಲ್ಲಿ ಮಲಗುತ್ತಿದ್ದ ನಾಯಿ ನಾಲ್ಕಾರು ವರ್ಷಕ್ಕೆ ಪಡಸಾಲೆಗೆ ಬರುತ್ತದೆ. ಮತ್ತೆರಡು ವರ್ಷಕ್ಕೆ ಜಗಲಿಗೆ. ಕೊನೆಗೆ ಕಾಂಪೌಂಡಿನ ಮೂಲೆಗೆ. ಕಾರಣ ಕೇಳಿದರೆ, “ಬಾಯಿ ನಾರುತ್ತದೆ, ಹತ್ತಿರ ಸೇರಿಸಲು ಆಗುವುದಿಲ್ಲ” ಎಂಬ ಉತ್ತರ ಬರುತ್ತದೆ. ನಾಯಿಯೆಂದ ಮೇಲೆ ಬಾಯಿ ನಾರುವುದು ಸಹಜವೆಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ಈ ಒಪ್ಪಿಗೆಯೇ ತಪ್ಪು. ಆರೋಗ್ಯವಂತ ನಾಯಿಯ ಉಸಿರಿಗೆ ತಾನು ತಿಂದ ಆಹಾರದ ತೆಳುವಾದ ವಾಸನೆ ಇರಬಹುದೇ ಹೊರತು ಮುಖ ತಿರುಗಿಸುವಂಥ ದುರ್ನಾತ ಇರುವುದಿಲ್ಲ. ಅಂಥ ನಾತವಿದ್ದರೆ ಅದು ರೋಗಲಕ್ಷಣ. ಬಹುಪಾಲು ಸಂದರ್ಭಗಳಲ್ಲಿ ನೋವಿನ ಲಕ್ಷಣವೂ ಹೌದು. ನೋವಿನಲ್ಲಿರುವ ಪ್ರಾಣಿಯನ್ನು ನಾವು ಅರಿಯದೆ ದೂರ ತಳ್ಳುತ್ತಿದ್ದೇವೆ ಎಂಬುದನ್ನು ಮೊದಲು ಮನಗಾಣಬೇಕು.

ನಾಯಿಯ ಬಾಯಿಯ ರಚನೆ

ನಾಯಿಮರಿಗೆ ಹುಟ್ಟಿದ ಮೂರನೆಯ ವಾರದಿಂದ ಹಾಲುಹಲ್ಲುಗಳು ಮೂಡಲಾರಂಭಿಸುತ್ತವೆ. ಅವುಗಳ ಸಂಖ್ಯೆ 28. ನಾಲ್ಕನೆಯ ತಿಂಗಳಿನಿಂದ ಅವು ಉದುರತೊಡಗಿ, ಆರೇಳು ತಿಂಗಳು ತುಂಬುವ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಮೇಲ್ದವಡೆಯಲ್ಲಿ 20, ಕೆಳದವಡೆಯಲ್ಲಿ 22. ಮುಂಭಾಗದಲ್ಲಿ ಸಣ್ಣ ಬಾಚಿಹಲ್ಲುಗಳು, ಅವುಗಳ ಪಕ್ಕದಲ್ಲಿ ನಾಲ್ಕು ಕೋರೆಹಲ್ಲುಗಳು, ಹಿಂದೆ ದವಡೆಹಲ್ಲುಗಳು. ಕೆನ್ನೆಯ ಒಳಗಡೆ ಮೇಲೆ ಮತ್ತು ಕೆಳಗೆ ಕತ್ತರಿಯ ಅಲಗುಗಳಂತೆ ಒಂದರ ಪಕ್ಕಕ್ಕೆ ಒಂದು ಸರಿಯುವ ದೊಡ್ಡ ಹಲ್ಲುಗಳಿವೆ. ಗಟ್ಟಿ ಪದಾರ್ಥವನ್ನು ತುಂಡರಿಸುವುದು ಅವುಗಳ ಕೆಲಸ. ರೋಗ ಹೆಚ್ಚಾಗಿ ನೆಲೆಸುವುದೂ ಅಲ್ಲಿಯೇ.

ಮನುಷ್ಯನ ಬಾಯಿಗೂ ನಾಯಿಯ ಬಾಯಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರಗುಣವುಳ್ಳದ್ದು. ಆದ್ದರಿಂದ ನಮ್ಮಂತೆ ಹುಳುಕುಹಲ್ಲು ನಾಯಿಗಳಲ್ಲಿ ವಿರಳ. ಆದರೆ ಅದೇ ಗುಣದಿಂದ ಜೊಲ್ಲಿನಲ್ಲಿರುವ ಲವಣಗಳು ಹಲ್ಲಿನ ಮೇಲೆ ಬೇಗನೆ ಗಟ್ಟಿಯಾಗಿ ಕೂರುತ್ತವೆ. ಹೀಗಾಗಿ ನಾಯಿಯ ತೊಂದರೆ ಹಲ್ಲಿನ ಹುಳುಕಲ್ಲ, ವಸಡಿನ ರೋಗ.

ಪಾಚಿಯಿಂದ ಗಾರೆ, ಗಾರೆಯಿಂದ ಕೀವು

ಉಂಡ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಲೋಳೆಯ ಪದರವೊಂದು ಹರಡುತ್ತದೆ. ಅಸಂಖ್ಯಾತ ಸೂಕ್ಷ್ಮಾಣುಗಳು ಅದರಲ್ಲಿ ಬೀಡುಬಿಡುತ್ತವೆ. ಇದನ್ನು ಹಲ್ಲಿನ ಪಾಚಿ ಅಥವಾ ಪ್ಲಾಕ್ ಎನ್ನುವರು. ಈ ಹಂತದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೂ ಅದು ಹೋಗುತ್ತದೆ. ಎರಡು ಮೂರು ದಿನ ಹಾಗೆಯೇ ಬಿಟ್ಟರೆ ಜೊಲ್ಲಿನ ಸುಣ್ಣದ ಅಂಶ ಸೇರಿ ಪಾಚಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುವ ಈ ಗಾರೆಗೆ ಟಾರ್ಟರ್ ಎಂದು ಹೆಸರು. ಇದು ಬ್ರಷ್ಷಿಗೆ ಜಗ್ಗುವುದಿಲ್ಲ. ಇದರ ಒರಟು ಮೈಮೇಲೆ ಹೊಸ ಪಾಚಿ ಇನ್ನೂ ಸುಲಭವಾಗಿ ಅಂಟಿಕೊಳ್ಳುತ್ತದೆ.

ವಸಡಿನ ಅಂಚಿನಲ್ಲಿ ಹೀಗೆ ಸೇರಿದ ಸೂಕ್ಷ್ಮಾಣುಗಳು ಅಲ್ಲಿನ ಆಹಾರದ ಕಣಗಳನ್ನೂ ಸತ್ತ ಜೀವಕೋಶಗಳನ್ನೂ ಕೊಳೆಯಿಸಿ ಗಂಧಕದ ಅಂಶವುಳ್ಳ ಅನಿಲಗಳನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯನ್ನು ನೆನಪಿಗೆ ತರುವ ನಾತಕ್ಕೆ ಇವೇ ಮೂಲ. ಮೊದಲ ಹಂತದಲ್ಲಿ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಜಿನುಗುತ್ತದೆ. ಈ ಹಂತದಲ್ಲಿ ಎಚ್ಚೆತ್ತರೆ ವಸಡು ಸಂಪೂರ್ಣವಾಗಿ ಮೊದಲಿನಂತಾಗುವುದು. ಉಪೇಕ್ಷಿಸಿದರೆ ರೋಗ ವಸಡಿನ ಕೆಳಗಿಳಿದು, ಹಲ್ಲನ್ನು ಹಿಡಿದಿರುವ ಎಲುಬನ್ನೇ ಸವೆಸುತ್ತದೆ. ಹಾಗೆ ಕಳೆದುಹೋದ ಎಲುಬು ಮರಳಿ ಬಾರದು.

ನಮ್ಮ ಭಾಗದವರಿಗೆ ಇದನ್ನು ತಿಳಿಸಲು ದೂರದ ಉಪಮೆ ಬೇಕಿಲ್ಲ. ಗಣಿಯ ಬಾಯಿಯಲ್ಲಿ ನಿಂತವನಿಗೆ ಕಾಣುವುದು ಉಕ್ಕಿನ ಗೋಪುರ ಮಾತ್ರ. ಚಾಂಪಿಯನ್ ರೀಫ್ ಗಣಿ ಅದರ ಕೆಳಗೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ವಸಡಿನ ರೋಗವೂ ಹಾಗೆಯೇ. ಹಲ್ಲಿನ ಮೇಲೆ ಕಾಣುವ ಗಾರೆ ಗುರುತು ಮಾತ್ರ, ಹಾನಿಯೆಲ್ಲ ನಡೆಯುವುದು ವಸಡಿನ ಕೆಳಗೆ. ಮೇಲಿನ ಗಾರೆಯನ್ನು ಉಗುರಿನಿಂದಲೋ ಚಾಕುವಿನಿಂದಲೋ ಕೆರೆದು ಹಲ್ಲು ಬೆಳ್ಳಗಾಯಿತೆಂದು ಸಮಾಧಾನಪಡುವುದು ವ್ಯರ್ಥವೆನ್ನಲು ಇದೇ ಕಾರಣ.

ಮೂರು ವರ್ಷ ದಾಟಿದ ಬಹುತೇಕ ನಾಯಿಗಳಲ್ಲಿ ಈ ರೋಗ ಯಾವುದಾದರೊಂದು ಹಂತದಲ್ಲಿ ಇದ್ದೇ ಇರುತ್ತದೆಂದು ಪಶುವೈದ್ಯರು ಹೇಳುತ್ತಾರೆ. ಪಾಮೆರೇನಿಯನ್, ಡ್ಯಾಷ್‌ಹಂಡ್, ಪಗ್ ಮೊದಲಾದ ಸಣ್ಣ ತಳಿಗಳಲ್ಲಿ ಚಿಕ್ಕ ದವಡೆಯೊಳಗೆ ಹಲ್ಲುಗಳು ಒತ್ತೊತ್ತಾಗಿರುವುದರಿಂದ ಅದು ಇನ್ನೂ ಬೇಗ ಬರುತ್ತದೆ. ಈ ತಳಿಗಳಲ್ಲಿ ಹಾಲುಹಲ್ಲು ಉದುರದೆ, ಅದರ ಪಕ್ಕದಲ್ಲೇ ಶಾಶ್ವತ ಹಲ್ಲು ಮೂಡುವುದೂ ಉಂಟು. ಏಳು ತಿಂಗಳಾದರೂ ಒಂದೇ ಜಾಗದಲ್ಲಿ ಎರಡು ಕೋರೆಹಲ್ಲು ಕಂಡರೆ ಹಾಲುಹಲ್ಲನ್ನು ವೈದ್ಯರಿಂದ ತೆಗೆಸಬೇಕು.

ನೋವನ್ನು ಮರೆಮಾಚುವ ಪ್ರಾಣಿ

“ನಮ್ಮ ನಾಯಿ ಚೆನ್ನಾಗಿ ತಿನ್ನುತ್ತಿದೆ, ಅದಕ್ಕೆ ಹಲ್ಲುನೋವು ಇರಲಾರದು” ಎಂಬ ಮಾತು ಸಾಮಾನ್ಯ. ನಾಯಿ ಹಸಿವಿಗೆ ಸೋತು ನೋವಿನಲ್ಲಿಯೂ ತಿನ್ನುತ್ತದೆ, ಅಗಿಯದೆ ನುಂಗುತ್ತದೆ. ಆದ್ದರಿಂದ ಈ ಸೂಕ್ಷ್ಮ ಗುರುತುಗಳನ್ನು ಗಮನಿಸಬೇಕು: ಒಂದೇ ಪಕ್ಕದಲ್ಲಿ ಅಗಿಯುವುದು, ಬಾಯಿಂದ ಆಹಾರ ಕೆಳಗೆ ಬೀಳುವುದು, ತಟ್ಟೆಯ ಬಳಿಗೆ ಬಂದು ಹಿಂಜರಿಯುವುದು, ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುವುದು, ಜೊಲ್ಲಿನಲ್ಲಿ ರಕ್ತದ ಎಳೆ, ತಲೆ ಸವರಲು ಹೋದರೆ ಗುರುಗುಟ್ಟುವುದು. ಎಂದೂ ಇಲ್ಲದೆ ಮಕ್ಕಳ ಮೇಲೆ ಗುರುಗುಟ್ಟಿದ ನಾಯಿಯನ್ನು ದುಷ್ಟವೆಂದು ತೀರ್ಮಾನಿಸುವ ಮೊದಲು ಅದರ ಬಾಯಿಯನ್ನು ಪರೀಕ್ಷಿಸಲು ವೈದ್ಯರಿಗೆ ಹೇಳುವುದು ಒಳ್ಳೆಯದು.

ಇನ್ನೊಂದು ಗುರುತನ್ನು ವಿಶೇಷವಾಗಿ ಹೇಳಬೇಕು. ಕಣ್ಣಿನ ಕೆಳಗೆ ಊತ ಬಂದು, ಒಡೆದು, ಕೀವು ಸುರಿದು, ಮಾಗಿದಂತೆ ಕಂಡು ಮತ್ತೆ ಒಡೆಯುವ ಗಾಯವನ್ನು ಅನೇಕರು ಚರ್ಮದ ಹುಣ್ಣೆಂದು ಭಾವಿಸಿ ತಿಂಗಳುಗಟ್ಟಲೆ ಅರಿಸಿನ ಹಚ್ಚುತ್ತಾರೆ. ಹಲವು ಬಾರಿ ಅದು ಮೇಲ್ದವಡೆಯ ದೊಡ್ಡ ಹಲ್ಲಿನ ಬೇರಿನಲ್ಲಾದ ಕೀವು. ಆ ಹಲ್ಲಿಗೆ ಚಿಕಿತ್ಸೆಯಾಗದೆ ಗಾಯ ಮಾಯುವುದಿಲ್ಲ.

ಬಾಯಿಯ ಸೋಂಕು ದೀರ್ಘಕಾಲ ಉಳಿದರೆ ಸೂಕ್ಷ್ಮಾಣುಗಳು ರಕ್ತವನ್ನು ಸೇರುತ್ತವೆ. ತೀವ್ರವಾದ ವಸಡಿನ ರೋಗಕ್ಕೂ ಹೃದಯ, ಮೂತ್ರಪಿಂಡ, ಯಕೃತ್ತುಗಳಲ್ಲಾಗುವ ವಿಕಾರಗಳಿಗೂ ನಂಟಿರುವುದನ್ನು ಅಧ್ಯಯನಗಳು ಗುರುತಿಸಿವೆ. ಸಣ್ಣ ತಳಿಯ ನಾಯಿಗಳಲ್ಲಿ ಸವೆದ ಕೆಳದವಡೆ ಅಲ್ಪ ಪೆಟ್ಟಿಗೇ ಮುರಿಯುವುದೂ ಉಂಟು.

ಹಲ್ಲಲ್ಲದ ಕಾರಣಗಳು

ಎಲ್ಲ ದುರ್ವಾಸನೆಯೂ ಹಲ್ಲಿನಿಂದಲೇ ಬರುವುದಲ್ಲ. ಉಸಿರು ಮೂತ್ರದಂತೆ ಘಾಟಾಗಿದ್ದು, ನಾಯಿ ಹೆಚ್ಚು ನೀರು ಕುಡಿದು ಸೊರಗುತ್ತಿದ್ದರೆ ಮೂತ್ರಪಿಂಡದ ರೋಗವನ್ನು ಶಂಕಿಸಬೇಕು. ಉಸಿರಿನಲ್ಲಿ ಕಳಿತ ಹಣ್ಣಿನಂಥ ಸಿಹಿವಾಸನೆಯಿದ್ದರೆ ಅದು ಉಲ್ಬಣಿಸಿದ ಮಧುಮೇಹದ ಸೂಚನೆಯಾಗಬಹುದು. ಮುದಿ ನಾಯಿಯ ಬಾಯಲ್ಲಿ ಗಂಟು ಬೆಳೆದು ಒಂದೇ ಪಕ್ಕದಿಂದ ರಕ್ತ ಸೋರುತ್ತಿದ್ದರೆ ಅದು ಅರ್ಬುದವಾಗಿರಬಹುದು. ಕೋಲಿನ ಚೂರು ಅಂಗುಳಿಗೆ ಅಡ್ಡಲಾಗಿ ಸಿಕ್ಕಿಕೊಂಡು ಕೊಳೆಯುವುದೂ ಉಂಟು. ಉಣ್ಣೆಗಳಿಂದ ಹರಡುವ ಜ್ವರದಲ್ಲಿ ವಸಡು ಬಿಳಿಚಿಕೊಂಡು, ಅಲ್ಲಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳೆದ್ದು, ಮೂಗಿನಿಂದಲೂ ರಕ್ತ ಬರಬಹುದು. ಅದು ಹಲ್ಲಿನ ರೋಗವಲ್ಲ, ತಡಮಾಡಿದರೆ ಪ್ರಾಣಾಪಾಯ. ಇವೆಲ್ಲವನ್ನೂ ಪರೀಕ್ಷಿಸಿ ತಿಳಿಯಬೇಕಾದವರು ವೈದ್ಯರು. ಗಮನಿಸಿ ಹೇಳಬೇಕಾದವರು ನಾವು.

ಕೈ ಹಾಕುವ ಮೊದಲು ಎಚ್ಚರಿಕೆ

ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನಾಯಿಯ ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತ, ನೀರು ಕುಡಿಯಲು ಯತ್ನಿಸಿ ನುಂಗಲಾರದೆ, ಬೊಗಳುವ ದನಿ ಒಡೆದಂತಿದ್ದರೆ ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿದಂತೆ ತೋರುತ್ತದೆ. ಕನಿಕರಪಟ್ಟು ಬಾಯಿಗೆ ಕೈ ಹಾಕುವವರಿದ್ದಾರೆ. ಇವು ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ ಲಕ್ಷಣಗಳೂ ಆಗಿರಬಹುದು. ಈ ರೋಗದಲ್ಲಿ ನಾಯಿ ಕೆರಳಿ ಕಚ್ಚುತ್ತದೆಂದಷ್ಟೇ ಜನ ತಿಳಿದಿದ್ದಾರೆ. ಸುಮ್ಮನೆ ಮಂಕಾಗಿ ಮೂಲೆ ಸೇರುವ ಬಗೆಯೂ ಇದೆ. ರೋಗ ಜೊಲ್ಲಿನಲ್ಲಿರುತ್ತದೆ. ಬೆರಳಿನ ಸಣ್ಣ ತರಚಿನ ಮೂಲಕವೂ ಅದು ದೇಹವನ್ನು ಸೇರಬಲ್ಲದು. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು.

ಆದಕಾರಣ ಅಂಥ ನಾಯಿಯ ಬಾಯಿಯನ್ನು ಯಾರೂ ಮುಟ್ಟಬಾರದು. ದೂರದಲ್ಲಿಟ್ಟು ಪಶುವೈದ್ಯರಿಗೆ ತಿಳಿಸಬೇಕು. ಅರಿಯದೆ ಕೈ ಹಾಕಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಮೆಣಸಿನಪುಡಿ, ಸುಣ್ಣ, ಕಾಫಿಪುಡಿ ಹಚ್ಚುವ ಹಳೆಯ ರೂಢಿಯನ್ನು ಕೈಬಿಡಬೇಕು. ಮನೆಯ ನಾಯಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಬಳಿಕ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ ಮತ್ತೆ ಹಾಕಿಸುತ್ತಿರಬೇಕು. ಮುಂದೆ ಹೇಳುವ ಹಲ್ಲುಜ್ಜುವ ಕ್ರಮ ಹೀಗೆ ಲಸಿಕೆಯಾದ, ನಮ್ಮ ಕೈಗೆ ಒಗ್ಗಿದ ಮನೆಯ ನಾಯಿಗೆ ಮಾತ್ರ; ಬೀದಿಯ ನಾಯಿಗಳಿಗಲ್ಲ.

ಹಲ್ಲುಜ್ಜುವ ಕ್ರಮ

ಹಲ್ಲುಜ್ಜುವುದಕ್ಕಿಂತ ಉತ್ತಮವಾದ ಉಪಾಯ ನಾಯಿಗೂ ಇಲ್ಲ. ಪಾಚಿ ಗಾರೆಯಾಗಲು ಎರಡು ಮೂರು ದಿನ ಸಾಕಾದ್ದರಿಂದ ವಾರಕ್ಕೊಮ್ಮೆ ಉಜ್ಜಿದರೆ ಫಲವಿಲ್ಲ. ದಿನಕ್ಕೊಮ್ಮೆ ಉಜ್ಜುವುದು ಉತ್ತಮ. ದಿನ ಬಿಟ್ಟು ದಿನ ಉಜ್ಜುವುದು ಕನಿಷ್ಠ. ಬೆಳಗಿನ ರೈಲಿಗೆ ಓಡುವವರು ರಾತ್ರಿ ನಾಯಿಗೆ ಉಣಬಡಿಸಿದ ಮೇಲೆ ಎರಡು ನಿಮಿಷ ಮೀಸಲಿಟ್ಟರೆ ಸಾಕು.

ಮೊದಲ ವಾರ ಬ್ರಷ್ ಮುಟ್ಟಬೇಡಿ. ನಾಯಿ ಶಾಂತವಾಗಿದ್ದಾಗ ಪಕ್ಕದಲ್ಲಿ ಕುಳಿತು, ತುಟಿಯನ್ನು ಮೇಲೆತ್ತಿ, ಬೆರಳಿನಿಂದ ಹಲ್ಲಿನ ಹೊರಮೈಯನ್ನು ಮೃದುವಾಗಿ ಸವರಿ. ಬಳಿಕ ಅದಕ್ಕೆ ಪ್ರಿಯವಾದ ತಿನಿಸನ್ನು ಕೊಟ್ಟು ಬೆನ್ನು ತಟ್ಟಿ. ಎರಡನೆಯ ವಾರ ಬೆರಳಿಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ನೀರಿನಲ್ಲಿ ಅದ್ದಿ, ಹಲ್ಲುಗಳನ್ನು ಒರೆಸಿ. ಮೂರನೆಯ ವಾರ ಚಿಕ್ಕ ಮಕ್ಕಳು ಬಳಸುವ ಮೃದುವಾದ ಬ್ರಷ್ಷನ್ನು ತಂದು ನಾಲ್ಕಾರು ಹಲ್ಲುಗಳನ್ನಷ್ಟೇ ಉಜ್ಜಿ. ನಾಲ್ಕನೆಯ ವಾರದ ಹೊತ್ತಿಗೆ ಎರಡೂ ಪಕ್ಕಗಳನ್ನು ಉಜ್ಜಲು ಸಾಧ್ಯವಾಗುತ್ತದೆ. ಬ್ರಷ್ಷನ್ನು ವಸಡಿನ ಕಡೆಗೆ ತುಸು ಓರೆಯಾಗಿ ಹಿಡಿದು, ಸಣ್ಣ ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಬಾಯಿ ಅಗಲಿಸುವ ಅಗತ್ಯವಿಲ್ಲ. ಕೆನ್ನೆಯ ಕಡೆಯ ಹೊರಮೈ ಮುಖ್ಯ. ಒಳಮೈಯನ್ನು ನಾಲಗೆ ತಕ್ಕಮಟ್ಟಿಗೆ ಒರೆಸುತ್ತಿರುತ್ತದೆ. ಹಿಂದಿನ ದೊಡ್ಡ ಹಲ್ಲುಗಳನ್ನು ಮರೆಯಬಾರದು.

ನಾಯಿ ಕೊಸರಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ. ಬಲವಂತದಿಂದ ಒಂದು ದಿನ ಗೆದ್ದರೆ ಮರುದಿನದಿಂದ ಅದು ಬ್ರಷ್ ಕಂಡೊಡನೆ ಓಡುತ್ತದೆ. ವಸಡು ಈಗಾಗಲೇ ಊದಿ ರಕ್ತ ಬರುತ್ತಿರುವ ನಾಯಿಗೆ ಉಜ್ಜುವುದು ನೋವುಂಟುಮಾಡುತ್ತದೆ. ಅಂಥದ್ದನ್ನು ಮೊದಲು ವೈದ್ಯರಿಗೆ ತೋರಿಸಿ, ಗುಣವಾದ ಮೇಲೆ ಅಭ್ಯಾಸ ಆರಂಭಿಸಬೇಕು.

ಮಾಡಬಾರದ ಕೆಲವು ಕೆಲಸಗಳು

ನಮ್ಮ ಟೂತ್‌ಪೇಸ್ಟನ್ನು ನಾಯಿಗೆ ಎಂದೂ ಬಳಸಬಾರದು. ನಾಯಿಗೆ ಬಾಯಿ ಮುಕ್ಕಳಿಸಿ ಉಗುಳಲು ಬಾರದು. ಅದು ಎಲ್ಲವನ್ನೂ ನುಂಗುತ್ತದೆ. ಅದರಲ್ಲಿನ ಫ್ಲೋರೈಡ್ ಮತ್ತು ನೊರೆ ಬರಿಸುವ ಪದಾರ್ಥಗಳು ಹೊಟ್ಟೆಯನ್ನು ಕೆಡಿಸುತ್ತವೆ. ಕೆಲವು ಪೇಸ್ಟುಗಳಲ್ಲಿ ಸಿಹಿಗಾಗಿ ಸೇರಿಸುವ ಝೈಲಿಟಾಲ್ ನಾಯಿಗೆ ವಿಷ. ರಕ್ತದ ಸಕ್ಕರೆಯನ್ನು ಥಟ್ಟನೆ ಇಳಿಸಿ, ಯಕೃತ್ತನ್ನೂ ಹಾಳುಮಾಡಬಲ್ಲದು. ನಾಯಿಗಳಿಗೆಂದೇ ತಯಾರಾದ ಪೇಸ್ಟ್ ದೊರೆಯುತ್ತದೆ. ದೊರೆಯದಿದ್ದರೆ ಬರಿಯ ನೀರೇ ಸಾಕು, ಏಕೆಂದರೆ ಪಾಚಿಯನ್ನು ತೆಗೆಯುವುದು ಉಜ್ಜುವಿಕೆಯೇ ಹೊರತು ಪೇಸ್ಟಲ್ಲ.

ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಉಪ್ಪು, ಅಡುಗೆ ಸೋಡಾ, ಲವಂಗದ ಎಣ್ಣೆ ಇವುಗಳನ್ನೂ ಬಳಸಬಾರದು. ಪುಡಿಗಳು ಹಲ್ಲಿನ ಹೊಳಪಿನ ಪದರವನ್ನು ಗೀರುತ್ತವೆ. ಉಪ್ಪು ಮತ್ತು ಸೋಡಾ ಹೊಟ್ಟೆ ಸೇರಿದರೆ ಹಾನಿ. ಲವಂಗದ ಎಣ್ಣೆ ಬಾಯಿಯನ್ನು ಸುಡುತ್ತದೆ. ನೋವಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡುವುದಂತೂ ಪ್ರಾಣಕ್ಕೇ ಕುತ್ತು.

ಆಹಾರ ಮತ್ತು ಅಗಿಯುವ ವಸ್ತುಗಳು

ನಮ್ಮ ಮನೆಗಳಲ್ಲಿ ನಾಯಿಗೆ ದೊರೆಯುವುದು ರಾಗಿಮುದ್ದೆ, ಅನ್ನ, ಹಾಲು, ಮೊಸರು. ಇವು ಮೆತ್ತಗಿನ ಆಹಾರಗಳು. ಹಲ್ಲಿನ ಬುಡದಲ್ಲಿ ಅಂಟಿ ಉಳಿಯುತ್ತವೆ. ಹಾಗೆಂದು ಮುದ್ದೆಯನ್ನು ಬಿಡಬೇಕಾಗಿಲ್ಲ, ಉಜ್ಜುವುದನ್ನು ಬಿಡಬಾರದು, ಅಷ್ಟೇ. ಶಾಕಾಹಾರಿ ಮನೆಗಳಲ್ಲಿ ಬರಿಯ ಅನ್ನ ಮುದ್ದೆಗಳಿಂದ ನಾಯಿಗೆ ಬೇಕಾದ ಸಾರಾಂಶ ಪೂರ್ತಿ ದೊರೆಯುವುದಿಲ್ಲ. ಸಮತೋಲನ ಹೇಗೆಂದು ವೈದ್ಯರನ್ನು ಕೇಳಿ ನಡೆಯಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರನ್ನು ಕಲಸಿ ಹಾಕುವ ರೂಢಿ ಎಲ್ಲೆಡೆ ಇದೆ. ಇವೆರಡೂ ನಾಯಿಯ ರಕ್ತಕಣಗಳನ್ನು ನಾಶಮಾಡುವಂಥವು. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಕ್ಕೆ ಅಪಾಯಕಾರಿ.

ಅಗಿಯಲು ಹಸಿ ಗಜ್ಜರಿಯ ತುಂಡು, ರಬ್ಬರಿನ ಆಟಿಕೆ ಕೊಡಬಹುದು. ಒಂದು ಸುಲಭ ಪರೀಕ್ಷೆ ನೆನಪಿಡಿ: ಹೆಬ್ಬೆರಳ ಉಗುರಿನಿಂದ ಒತ್ತಿದಾಗ ಗುರುತು ಬೀಳದಷ್ಟು ಗಟ್ಟಿಯಾದ ವಸ್ತು ನಾಯಿಯ ಹಲ್ಲನ್ನು ಸೀಳಬಲ್ಲದು. ಕಲ್ಲು ಕಚ್ಚಿ ಆಡುವ ನಾಯಿಗಳ ಹಲ್ಲು ಹೀಗೆಯೇ ಒಡೆಯುವುದು. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲನ್ನೂ ಕರುಳನ್ನೂ ಚುಚ್ಚುತ್ತದೆ.

ಕಂದು ಕಲೆಗಳೆಲ್ಲ ಗಾರೆಯಲ್ಲ

ಕೋಲಾರ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದು ತಮಗೆ ತಿಳಿದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಬಾಲ್ಯದಲ್ಲಿ ಅಂಥ ನೀರು ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟೆಗಳಿರುವುದನ್ನು ನಾವು ಕಾಣುತ್ತೇವೆ. ಹಲ್ಲು ರೂಪುಗೊಳ್ಳುವ ಎಳೆಯ ತಿಂಗಳುಗಳಲ್ಲಿ ಅದೇ ನೀರು ಕುಡಿದ ಪ್ರಾಣಿಗಳಿಗೂ ಇದು ತಪ್ಪಿದ್ದಲ್ಲ. ಗಾರೆ ವಸಡಿನ ಅಂಚಿನಲ್ಲಿ ಉಬ್ಬಿ ಕೂತಿರುತ್ತದೆ, ನಾತವಿರುತ್ತದೆ. ಫ್ಲೋರೈಡಿನ ಕಲೆ ಹಲ್ಲಿನೊಳಗೇ ಬೆರೆತಿದ್ದು ಅದಕ್ಕೆ ನಾತವಿಲ್ಲ. ಎಷ್ಟು ಉಜ್ಜಿದರೂ ಹೋಗದು. ಮನೆಯಲ್ಲಿ ಶುದ್ಧೀಕರಿಸಿದ ನೀರು ತರುವವರು ಮರಿಯ ಬಟ್ಟಲಿಗೂ ಅದನ್ನೇ ಹಾಕಿದರೆ ಒಳಿತು.

ವೈದ್ಯರ ಬಳಿಗೆ

ಗಾರೆ ಕಟ್ಟಿದ ಮೇಲೆ ಚಿಕಿತ್ಸೆ ಒಂದೇ: ಪೂರ್ಣ ಅರಿವಳಿಕೆ ಕೊಟ್ಟು, ವಸಡಿನ ಮೇಲೂ ಕೆಳಗೂ ಯಂತ್ರದಿಂದ ಶುಚಿಮಾಡಿ, ಉಳಿಸಲಾಗದ ಹಲ್ಲುಗಳನ್ನು ತೆಗೆಯುವುದು. ಎಚ್ಚರವಿರುವ ನಾಯಿಯ ವಸಡಿನ ಕೆಳಗೆ ಶುಚಿಮಾಡಲು ಸಾಧ್ಯವಿಲ್ಲ. ಅರಿವಳಿಕೆಗೆ ಮೊದಲು ರಕ್ತಪರೀಕ್ಷೆ ಮಾಡಿಸಿದರೆ ಅಪಾಯ ತಗ್ಗುತ್ತದೆ. ಬರಿಯ ಮಾತ್ರೆಗಳಿಂದ ನಾತ ಹತ್ತು ದಿನ ಅಡಗಿ ಮತ್ತೆ ಮರಳುತ್ತದೆ. ಹಲ್ಲು ತೆಗೆದರೆ ನಾಯಿ ಹೇಗೆ ತಿಂದೀತೆಂಬ ಚಿಂತೆ ಬೇಡ. ಕೀವುಗಟ್ಟಿದ ಹಲ್ಲಿಗಿಂತ ಹಲ್ಲಿಲ್ಲದ ಬಾಯಿ ಎಷ್ಟೋ ನೆಮ್ಮದಿ. ಮೆತ್ತಗಿನ ಮುದ್ದೆ ಆಗ ನಿಜವಾಗಿ ಉಪಕಾರಿ.

ಪ್ರಾಥಮಿಕ ತಪಾಸಣೆಗೆ ಸಮೀಪದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಬಹುದು. ಹಲ್ಲಿನ ವಿಶೇಷ ಚಿಕಿತ್ಸೆ ಬೇಕಾದಾಗ ಅಲ್ಲಿಯ ವೈದ್ಯರ ಸಲಹೆ ಪಡೆದು, 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬಹುದು. ವರ್ಷಕ್ಕೊಮ್ಮೆ ಲಸಿಕೆಗೆ ಹೋದಾಗಲೇ “ಬಾಯಿಯನ್ನೂ ಒಮ್ಮೆ ನೋಡಿ” ಎಂದು ಕೇಳುವುದನ್ನು ರೂಢಿಸಿಕೊಂಡರೆ ಬೇರೆ ಪ್ರಯಾಣವೂ ಬೇಡ, ಖರ್ಚೂ ಬೇಡ.

ಸದ್ಭಕ್ತರೇ, ಮನೆಯ ಕಾವಲು ಕಾದು, ಹಿರಿಯರ ಒಂಟಿತನಕ್ಕೆ ಜೊತೆಯಾಗಿ, ರಾತ್ರಿ ರೈಲಿಳಿದು ಬರುವವರ ಹೆಜ್ಜೆಸದ್ದಿಗೆ ಬಾಗಿಲಲ್ಲಿ ನಿಲ್ಲುವ ಜೀವ ಅದು. ತನ್ನ ಹಲ್ಲುನೋವನ್ನು ಹೇಳಲು ಅದಕ್ಕೆ ಮಾತಿಲ್ಲ. ನಮಗೆ ಹೇಸಿಗೆ ತರಿಸುವ ಆ ವಾಸನೆಯೇ ಅದರ ಮಾತೆಂದು ತಿಳಿಯೋಣ. ಇಂದು ರಾತ್ರಿ ಮನೆಗೆ ಹೋದಾಗ ತಮ್ಮ ನಾಯಿಯನ್ನು ದೀಪದ ಬೆಳಕಿಗೆ ಕರೆದು, ಮೆಲ್ಲನೆ ತುಟಿ ಎತ್ತಿ ನೋಡಿ. ವಸಡು ನಸುಗೆಂಪಾಗಿ, ಹಲ್ಲು ಶುಭ್ರವಾಗಿದ್ದರೆ ಸಂತೋಷ. ನಾಳೆಯಿಂದ ಉಜ್ಜುವ ಅಭ್ಯಾಸ ಆರಂಭಿಸಿ. ಕಂದು ಗಾರೆಯೂ ಊತವೂ ಕಂಡರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಜಗಲಿಯಿಂದಾಚೆಗೆ ಹೋದ ನಾಯಿ ಮತ್ತೆ ಪಡಸಾಲೆಗೆ ಬರಲಿ.